ಎಷ್ಟು ದಿನ ಸ್ವಾಮೀ?

ಕೆಟ್ಟ ಚಟ ಕಲಿಯೋದಕ್ಕೆ ಎಷ್ಟು ದಿನ ಬೇಕು ಅಂತ ಯಾರೂ ಯಾರನ್ನೂ ಕೇಳುವುದಿಲ್ಲ. ಅದಕ್ಕೆ ಶಿಬಿರ ಬೇಡ, ಪುಸ್ತಕ ಬೇಡ, ಬೆಳಗಿನ ಜಾವ ಎಬ್ಬಿಸಿ ಬೆನ್ನು ನೆಟ್ಟಗೆ ಮಾಡಿಸುವ ಗುರೂಜಿಯೂ ಬೇಡ. ಕಾಲೇಜಿನ ಹಿಂದೆ ಒಂದು ಪೆಟ್ಟಿಗೆ ಅಂಗಡಿ, ಅದರ ಕಂಬಕ್ಕೆ ನೇತುಹಾಕಿದ ಕಿಡಿ ಹತ್ತಿದ ಹಗ್ಗ, ಪಕ್ಕದಲ್ಲಿ ‘ಒಂದೇ ಒಂದು ದಮ್ಮು ಎಳಿಯೋ’ ಅನ್ನುವ ಗೆಳೆಯ. ಇಷ್ಟಾದರೆ ಕೋರ್ಸು ಮುಗಿದಂತೆಯೇ. ಬಿಡುವ ಮಾತು ಬಂತೋ, ಆಗ ಪಂಚಾಂಗ ಕೆಳಗಿಳಿಯುತ್ತದೆ. ಎಷ್ಟು ದಿನ? ಯಾವತ್ತಿನಿಂದ? ಸೋಮವಾರದಿಂದಲೋ ಯುಗಾದಿಯಿಂದಲೋ? ನಡುವೆ ಒಂದು ಮದುವೆ ಬಂದರೆ ಲೆಕ್ಕ ಮುಂದುವರಿಯುತ್ತೋ, ಇಲ್ಲಾ ಮತ್ತೆ ಒಂದರಿಂದಲೋ?

ನಮ್ಮ ಬೀದಿಯ ರಾಯರನ್ನು ಕೇಳಿದರೆ ಉತ್ತರ ತಯಾರಿರುತ್ತದೆ. “ಇಪ್ಪತ್ತೊಂದು ದಿನ ಕಣ್ರೀ. ಅಷ್ಟು ದಿನ ನೀವು ಅದನ್ನ ಎಳೀಬೇಕು, ಆಮೇಲೆ ಅದೇ ನಿಮ್ಮನ್ನ ಎಳ್ಕೊಂಡು ಹೋಗುತ್ತೆ.” ಹೀಗೆ ಅಪ್ಪಣೆ ಕೊಡಿಸುವಾಗ ಅವರ ಮುಂದೆ ಒಂದು ಪ್ಲೇಟು ಚೌಚೌಭಾತ್ ಇರುತ್ತದೆ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದವರು ಐದನೆಯ ಸುತ್ತನ್ನು ದರ್ಶಿನಿಯ ಕಡೆ ಹಾಕುವುದು ಬೆಂಗಳೂರಿನ ವಾಕಿಂಗ್ ಸಂಪ್ರದಾಯ. ಆ ನಾಲ್ಕು ಸುತ್ತು ಅಭ್ಯಾಸವಾಗಲು ರಾಯರಿಗೆ ಎಷ್ಟು ದಿನ ಹಿಡಿಯಿತೋ ದೇವರೇ ಬಲ್ಲ. ಐದನೆಯದು ಮೊದಲ ದಿನವೇ ಸಿದ್ಧಿಸಿತು.

ಈ ಇಪ್ಪತ್ತೊಂದು ನಮ್ಮ ಮನೆಯದೇ ಸಂಖ್ಯೆ ಅನ್ನಿಸುತ್ತದೆ. ಗಣಪತಿಗೆ ಗರಿಕೆ ಇಪ್ಪತ್ತೊಂದು, ಮೋದಕ ಇಪ್ಪತ್ತೊಂದು. ಅದಕ್ಕೇ ಯಾರೂ ಅದರ ಕುಲಗೋತ್ರ ವಿಚಾರಿಸದೆ ಒಳಗೆ ಬಿಟ್ಟುಕೊಂಡರು. ನಿಜವಾಗಿ ಅದು ಬಂದದ್ದು ನ್ಯೂಯಾರ್ಕಿನಿಂದ, ಅದೂ ಮೂಗು ಮುಖ ತಿದ್ದುವ ಡಾಕ್ಟರೊಬ್ಬರ ಕಡೆಯಿಂದ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ‘ಸೈಕೋ-ಸೈಬರ್ನೆಟಿಕ್ಸ್’ ಅನ್ನುವ ಪುಸ್ತಕ ತಂದರು. ಮೂಗು ಸರಿಮಾಡಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತಮ್ಮದೇ ಅನ್ನಿಸಲು ಸುಮಾರು ಇಪ್ಪತ್ತೊಂದು ದಿನ ಬೇಕಾಗುತ್ತದೆ, ಹೊಸ ಮನೆಗೆ ಹೋದವರಿಗೆ ಅದು ಮನೆ ಅನ್ನಿಸಲು ಮೂರು ವಾರ ಬೇಕು ಅಂತೆಲ್ಲ ತಾವು ಕಂಡದ್ದನ್ನು ಅದರಲ್ಲಿ ಬರೆದರು. ಅದೂ ‘ಕನಿಷ್ಠ’ ಅಂತ ಸೇರಿಸಿ, ‘ಸುಮಾರು’ ಅಂತ ಸೇರಿಸಿ, ಡಾಕ್ಟರಿಗೆ ತಕ್ಕ ಎಚ್ಚರಿಕೆಯಿಂದಲೇ. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಒಂದು ಊರಲ್ಲಿ ಬಿದ್ದುಹೋಯಿತು, ‘ಸುಮಾರು’ ಇನ್ನೊಂದು ಊರಲ್ಲಿ. ರಾಯರ ವಾಟ್ಸಾಪಿಗೆ ಬರುವ ಹೊತ್ತಿಗೆ ಮೂಗೂ ಬಿದ್ದುಹೋಗಿ, ಬರೀ ಇಪ್ಪತ್ತೊಂದು ಉಳಿದಿತ್ತು. ಹೊಸ ಮೂಗು ಹೊತ್ತವನಿಗೆ ಮಾಡುವುದಕ್ಕೆ ಏನಿದೆ ಹೇಳಿ? ಅದು ಮುಖದ ಮೇಲೇ ಇರುತ್ತದೆ. ಐದಕ್ಕೆ ಎದ್ದು ಓಡುವವನ ಕಷ್ಟಕ್ಕೂ ಮೂಗಿಗೂ ಎತ್ತಣ ಸಂಬಂಧ.

ಹಾಗಾದರೆ ಯಾರಾದರೂ ಕೂತು ಎಣಿಸಿದ್ದಾರೆಯೇ? ಎಣಿಸಿದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಸೇರಿಸಿ, ನಿಮಗೆ ಬೇಕಾದ ಒಂದು ಒಳ್ಳೆಯ ಅಭ್ಯಾಸ ಆರಿಸಿಕೊಳ್ಳಿ, ಅದನ್ನು ದಿನಕ್ಕೊಂದು ಸಲ, ದಿನವೂ ನಡೆಯುವ ಯಾವುದಾದರೂ ಕೆಲಸದ ಬೆನ್ನಿಗೇ ಮಾಡಿ ಅಂದರು. ಒಬ್ಬರು ತಿಂಡಿಯಾದ ಮೇಲೆ ಒಂದು ಲೋಟ ನೀರು, ಇನ್ನೊಬ್ಬರು ಊಟದ ಜೊತೆ ಒಂದು ಹಣ್ಣು, ಮತ್ತೊಬ್ಬ ಸಾಹಸಿಗರು ಐವತ್ತು ಬಸ್ಕಿಯಂಥದ್ದೇನೋ. ಎಂಬತ್ತನಾಲ್ಕು ದಿನ ನಡೆಯಿತು. ಯೋಚಿಸದೆ ತಾನಾಗಿ ಆಗಿಬಿಡುವ ಹಂತಕ್ಕೆ ಬರಲು ಹಿಡಿದ ಕಾಲ ನಡುಮಟ್ಟದಲ್ಲಿ 66 ದಿನ. ಎಲ್ಲರಿಗಿಂತ ಚುರುಕಾದವರಿಗೆ 18. ಎಲ್ಲರಿಗಿಂತ ನಿಧಾನದವರಿಗೆ 254. ಈ ಇನ್ನೂರೈವತ್ತನಾಲ್ಕು, ಎಂಬತ್ತನಾಲ್ಕು ದಿನದ ಗತಿ ನೋಡಿ ಮುಂದಕ್ಕೆ ಎಳೆದು ಹೇಳಿದ ಲೆಕ್ಕ. ಆ ಪುಣ್ಯಾತ್ಮರು ಅಲ್ಲಿಯತನಕ ಬಸ್ಕಿ ಹೊಡೆದರೋ ಇಲ್ಲವೋ ಅನ್ನುವುದು ಅವರಿಗೆ ಬಿಟ್ಟದ್ದು.

ಇದನ್ನು ರಾಯರಿಗೆ ಹೇಳಿದೆ. ಅರವತ್ತಾರು ಅವರ ಕಿವಿಗೇ ಬೀಳಲಿಲ್ಲ. “ಹದಿನೆಂಟಕ್ಕೇ ಆಯ್ತಲ್ಲ, ಅವನು ಏನು ಅಭ್ಯಾಸ ಇಟ್ಕೊಂಡಿದ್ದನಂತೆ?” ಅಂದರು. ಇದು ರಾಯರೊಬ್ಬರ ಕಥೆಯಲ್ಲ. ಹದಿನೆಂಟರಿಂದ ಇನ್ನೂರೈವತ್ತನಾಲ್ಕರ ತನಕ ಉದ್ದಕ್ಕೆ ಸಾಲು ಹಾಕಿ ನಿಲ್ಲಿಸಿ ನೋಡಿ, ಪ್ರತಿಯೊಬ್ಬನೂ ಹದಿನೆಂಟರ ಹತ್ತಿರ ಟವೆಲ್ ಹಾಸುತ್ತಾನೆ. ಇನ್ನೂರೈವತ್ತನಾಲ್ಕರ ಜಾಗ ಭಾವಮೈದುನನಿಗೆ.

ನನಗೆ ಆ ಅಧ್ಯಯನದಲ್ಲಿ ಪ್ರೀತಿ ಹುಟ್ಟಿಸಿದ್ದು ಇನ್ನೊಂದು ಸಂಖ್ಯೆ. ಅದನ್ನು ಭಾಷಣ ಮಾಡುವವರು ಹೇಳುವುದಿಲ್ಲ. ತೊಂಬತ್ತಾರು ಜನರಲ್ಲಿ ಏರಿ ಏರಿ ಒಂದು ಮಟ್ಟಕ್ಕೆ ಬಂದು ನಿಲ್ಲುವ ಚೆಂದದ ಗೆರೆ ಸರಿಯಾಗಿ ಹೊಂದಿಕೊಂಡದ್ದು ಬರೀ 39 ಜನಕ್ಕೆ. ಅರವತ್ತಾರು ದಿನ ಅನ್ನುವುದು ಅವರ ಲೆಕ್ಕ. ಮಿಕ್ಕವರಲ್ಲಿ ಕೆಲವರು ಸಾಕಷ್ಟು ವಿವರವನ್ನೇ ಒದಗಿಸಲಿಲ್ಲ, ಕೆಲವರ ಏರಿಳಿತ ಯಾವ ಗೆರೆಗೂ ಒಗ್ಗಲಿಲ್ಲ. ಇವರೇ ನಮ್ಮವರು. ಇವರಿಗೊಂದು ಸಂಘ ಕಟ್ಟಿದರೆ ನಾನು ಆಜೀವ ಸದಸ್ಯ. ವಂತಿಗೆ ಮಾತ್ರ ಮುಂದಿನ ತಿಂಗಳು ಕೊಡುತ್ತೇನೆ.

ಇನ್ನೊಂದು ಸಮಾಧಾನವೂ ಅಲ್ಲಿದೆ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಆಗಲಿಲ್ಲವಂತೆ. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಮನಶ್ಶಾಸ್ತ್ರದ ಮಹಾಗ್ರಂಥ ಬರೆದಾಗ ಇದಕ್ಕೆ ತಿರುವುಮುರುವು ಹೇಳಿದ್ದ. ಹೊಸ ಅಭ್ಯಾಸ ಬೇರು ಬಿಡುವ ತನಕ ಒಂದೇ ಒಂದು ದಿನದ ವಿನಾಯಿತಿಯೂ ಕೂಡದು ಅಂತ ಅವನ ಕಟ್ಟಪ್ಪಣೆ. ಜೊತೆಗೆ ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ವಭಾವ ಗಾರೆಯಂತೆ ಗಟ್ಟಿಯಾಗಿಬಿಡುತ್ತದೆ ಅಂತಲೂ ಅಂದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮ ಅಜ್ಜಿಯಂದಿರು ಇದನ್ನೇ ಪುಸ್ತಕ ಬರೆಯದೆ ಹೇಳುತ್ತಿದ್ದರು. ಮೂವತ್ತು ದಾಟಿದವರಿಗೆ ಇದು ಎಂಥ ಅನುಕೂಲದ ಸಿದ್ಧಾಂತ! “ನಂದು ಗಾರೆ ಆಗೋಯ್ತು ಬಿಡಿ” ಅಂತ ಇನ್ನೊಂದು ವಡೆ ತರಿಸಬಹುದು.

ಎಲ್ಲರಿಗಿಂತ ಜಾಣತನ ತೋರಿಸಿದವರು ಪತಂಜಲಿ ಮಹರ್ಷಿಗಳು. ಯೋಗಸೂತ್ರದಲ್ಲಿ ಅಭ್ಯಾಸ ಯಾವಾಗ ನೆಲೆ ನಿಲ್ಲುತ್ತದೆ ಅನ್ನುವ ಪ್ರಶ್ನೆ ಎತ್ತಿಕೊಂಡು, ಬಹಳ ಕಾಲ, ಬಿಡದೆ, ಆದರವಿಟ್ಟು ಮಾಡಿದರೆ ಅಂತ ಹೇಳಿ ಮುಗಿಸಿಬಿಟ್ಟರು. ಬಹಳ ಕಾಲ ಅಂದರೆ ಎಷ್ಟು, ತಿಂಗಳೋ ಜನ್ಮವೋ, ತುಟಿ ಬಿಚ್ಚಲಿಲ್ಲ. ಇವತ್ತು ಆ ಹಸ್ತಪ್ರತಿ ಪ್ರಕಾಶಕರ ಮೇಜಿಗೆ ಹೋಗಿದ್ದರೆ ‘ಸ್ವಾಮಿಗಳೇ, ಶೀರ್ಷಿಕೆಯಲ್ಲಿ ಒಂದು ನಂಬರ್ ಹಾಕಿಕೊಡಿ’ ಅಂತ ವಾಪಸ್ ಬಂದಿರುತ್ತಿತ್ತು.

ನಂಬರಿನ ಮೋಹ ನಮ್ಮಲ್ಲಿ ಇಲ್ಲವೆಂದಲ್ಲ. ಮಂಡಲ ಇದೆ. ನವೆಂಬರ್ ನಡುವಿಗೆ ಬಂದರೆ ನಮ್ಮ ಬಡಾವಣೆಯ ಅರ್ಧ ಗಂಡಸರು ಕಪ್ಪುಡುಗೆ ಉಟ್ಟು, ಬರಿಗಾಲಲ್ಲಿ, ಕೊರಳಿಗೆ ಮಾಲೆ ಹಾಕಿ ಅಯ್ಯಪ್ಪಸ್ವಾಮಿಗಳಾಗುತ್ತಾರೆ. ನಲವತ್ತೊಂದು ದಿನದ ವ್ರತ. ಹಿಂದಿನ ವಾರದ ತನಕ ಬಾರಿನ ಮುಂದೆ ಸ್ಕೂಟರ್ ನಿಲ್ಲಿಸುತ್ತಿದ್ದವನು ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಶರಣು ಕೂಗುತ್ತಾನೆ. ಬೀಡಿ ಇಲ್ಲ, ಎಣ್ಣೆ ಇಲ್ಲ, ಮಾಂಸ ಇಲ್ಲ, ಬೈಗುಳವೂ ಇಲ್ಲ. ಬೈಗುಳ ಬಿಟ್ಟಿದ್ದು ದೊಡ್ಡ ಪವಾಡ, ಅದೂ ಬೆಂಗಳೂರಿನ ಆಟೋ ಸ್ಟ್ಯಾಂಡಿನಲ್ಲಿ. ಮನೋವಿಜ್ಞಾನಿಗಳು ಪ್ರಯೋಗಾಲಯ ಕಟ್ಟಿ ಮಾಡಲಾಗದ್ದನ್ನು ಒಂದು ತುಳಸಿಮಾಲೆ ಮಾಡುತ್ತದೆ. ಹೇಗೆ? ನೀವೇ ನೋಡಿ. ಅವನನ್ನು ಹೆಸರು ಹಿಡಿದು ಕೂಗುವವರಿಲ್ಲ, ಎಲ್ಲರೂ ‘ಸ್ವಾಮಿ’ ಅನ್ನುತ್ತಾರೆ, ಹೆಂಡತಿಯೂ. ಮಲಗುವ ಜಾಗ ಬೇರೆ, ಉಣ್ಣುವ ತಟ್ಟೆ ಬೇರೆ, ಸಂಜೆ ಸೇರುವ ಗೆಳೆಯರು ಬೇರೆ, ಅವರೂ ಕಪ್ಪುಡುಗೆಯವರೇ. ಪೆಟ್ಟಿಗೆ ಅಂಗಡಿಯವನೇ “ಸ್ವಾಮಿ, ಮಾಲೆ ಹಾಕಿದೀರಾ” ಅಂತ ಕೈಮುಗಿದು ಬಾಳೆಹಣ್ಣು ಕೊಟ್ಟು ಕಳಿಸುತ್ತಾನೆ. ಇಡೀ ಬೀದಿ ಕಾವಲು. ಚಟಕ್ಕೆ ಕಾಲಿಡಲು ಜಾಗವೆಲ್ಲಿದೆ?

ಬೆಟ್ಟ ಹತ್ತಿ ಬಂದು ಮಾಲೆ ತೆಗೆದ ಸಂಜೆಗೆ ಹಳೆಯ ಚಪ್ಪಲಿ, ಹಳೆಯ ಸ್ಕೂಟರ್, ಹಳೆಯ ಗೆಳೆಯರು. ಕೆಲವರು ಮಾಲೆಯ ಜೊತೆ ಹಾಕಿಕೊಂಡ ಶಿಸ್ತನ್ನು ಉಳಿಸಿಕೊಂಡೇ ಬಿಡುತ್ತಾರೆ, ಅಂಥವರನ್ನು ಕಂಡಿದ್ದೇನೆ. ಹಲವರು ಉಳಿಸಿಕೊಳ್ಳುವುದಿಲ್ಲ. ಸ್ಕೂಟರನ್ನು ದೂರುವಂತಿಲ್ಲ, ಅದು ಗೊತ್ತಿರುವ ದಾರಿಯಲ್ಲಿ ಹೋಯಿತು.

ನಲವತ್ತೊಂದು ದಿನ ಸಾಲದು ಅನ್ನುತ್ತೀರೋ? ಚಾತುರ್ಮಾಸ್ಯ ನೋಡಿ. ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳಿಲ್ಲ. ತಲೆತಲಾಂತರದಿಂದ ವರ್ಷಕ್ಕೊಂದು ತಿಂಗಳು ಮೊಸರು ಬಿಟ್ಟ ವಂಶದಲ್ಲಿ ಮೊಸರನ್ನ ಮರೆತುಹೋದ ಒಬ್ಬನೇ ಒಬ್ಬನನ್ನು ತೋರಿಸಿ. ನಮ್ಮ ರಾಯರು ದಧಿವ್ರತದ ಕೊನೆಯ ರಾತ್ರಿ ಹಾಲಿಗೆ ಹೆಪ್ಪು ಹಾಕಿದರೋ ಇಲ್ಲವೋ ಅಂತ ಅಡಿಗೆಮನೆಗೆ ಎರಡು ಸಲ ಇಣುಕುತ್ತಾರೆ. ವ್ರತ ಮಾಡಿದವರು ಮೊಸರಿನ ಚಟ ಬಿಡಲು ಮಾಡಿದ್ದಲ್ಲ, ಸರಿ. ಆದರೂ ಮೂವತ್ತು ದಿನ ಬಿಟ್ಟದ್ದು ಮೂವತ್ತೊಂದನೆಯ ದಿನಕ್ಕೆ ಎಂಥ ರುಚಿ ಕೊಡುತ್ತದೆ ಅಂತ ಗೊತ್ತಿದ್ದವರು ಯಾರೂ ದಿನದ ಲೆಕ್ಕವನ್ನು ನಂಬಿ ಕೂರಲಾರರು.

ಸರ್ಕಾರವೇ ಒಂದು ಸಲ ಇಡೀ ನಾಡಿಗೆ ವ್ರತ ಹಿಡಿಸಿತು. 2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದು ಲಾಕ್‌ಡೌನ್ ಅಂದರು. ಎಷ್ಟು ದಿನ? ಇಪ್ಪತ್ತೊಂದು! ರಾಯರು ಸೋಫಾದಲ್ಲಿ ನೆಟ್ಟಗೆ ಕೂತು “ನಾನು ಹೇಳಲಿಲ್ವಾ” ಅಂದಿರಬೇಕು. ಆಮೇಲೆ ಅದು ಬೆಳೆಯಿತು. ಮಾರ್ಚ್ 25ರಿಂದ ಕರ್ನಾಟಕದಲ್ಲಿ ಮದ್ಯದಂಗಡಿಗಳ ಬಾಗಿಲು ಹಾಕಿದ್ದು, ತೆಗೆದದ್ದು ಮೇ 4ಕ್ಕೆ. ಬೆರಳು ಮಡಚಿ ನೋಡಿ, ನಲವತ್ತು ದಿನ. ಮಂಡಲಕ್ಕೆ ಒಂದೇ ದಿನ ಕೊರತೆ. ಇಪ್ಪತ್ತೊಂದರ ಸಿದ್ಧಾಂತ ನಿಜವಾಗಿದ್ದರೆ ಅಷ್ಟು ಹೊತ್ತಿಗೆ ರಾಜ್ಯದ ಕುಡುಕರೆಲ್ಲ ಮಜ್ಜಿಗೆಗೆ ಒಗ್ಗಿಹೋಗಿ, ಅಬಕಾರಿ ಇಲಾಖೆ ನೊಣ ಹೊಡೆಯಬೇಕಿತ್ತು. ಮೇ 4ರ ಬೆಳಗ್ಗೆ ಅಂಗಡಿಯವನು ಬರುವ ಮೊದಲೇ ಬಾಗಿಲಿಂದ ತಿರುವಿನ ತನಕ ಸಾಲು, ವೃತ್ತ ಎಳೆದ ಜಾಗದಲ್ಲಿ ಚಪ್ಪಲಿ, ಚೀಲ. ಆ ದಿನ ಸುಮಾರು 45 ಕೋಟಿ ರೂಪಾಯಿಯ ಮಾಲು ಹೋಯಿತು, ಮಾರನೆಯ ದಿನ 197 ಕೋಟಿ ಅಂತ ಪತ್ರಿಕೆಗಳಲ್ಲಿ ಬಂತು. ಕುಡಿತ ದೇಹಕ್ಕೇ ಇಳಿದುಬಿಟ್ಟವರ ಮಾತು ಬೇರೆ. ಅವರು ದಿಢೀರನೆ ನಿಲ್ಲಿಸುವುದೇ ಅಪಾಯ, ಅವರಿಗೆ ಡಾಕ್ಟರು ಬೇಕು, ನನ್ನಂಥವರ ಹರಟೆ ಅಲ್ಲ. ಸಾಲಿನಲ್ಲಿ ನಿಂತ ಉಳಿದವರು? ಅವರ ನಲವತ್ತು ದಿನ ಎಲ್ಲಿ ಹೋಯಿತು?

ಒಳ್ಳೆಯ ಅಭ್ಯಾಸದ ಗತಿಯೂ ಅದೇ. ಅದೇ ಕಾಲದಲ್ಲಿ ನಾವೆಲ್ಲ ಮಾಸ್ಕು ಕಟ್ಟಿದೆವು. ಎರಡು ವರ್ಷದ ಹತ್ತಿರ. ಅರವತ್ತಾರನ್ನು ಎಷ್ಟು ಸಲ ದಾಟಿದೆವೋ. ಮೂಗಿನ ಮೇಲೆ ಏನಿಲ್ಲದಿದ್ದರೆ ಬಟ್ಟೆ ಇಲ್ಲದೆ ಹೊರಟಂತೆ ನಾಚಿಕೆಯಾಗುತ್ತಿತ್ತು. ದಂಡ ಹಾಕುವವರು ಹೋದರು, ಬಾಗಿಲಲ್ಲಿ ಜ್ವರ ನೋಡುವವನು ಹೋದ, ಅಭ್ಯಾಸವೂ ಅವರ ಹಿಂದೆಯೇ ಹೋಯಿತು. ಈಗ ಅದು ಸ್ಕೂಟರ್ ಡಿಕ್ಕಿಯಲ್ಲಿ ಗಾಡಿ ಒರೆಸುವ ಬಟ್ಟೆ.

ನನಗೇನೋ ಅನುಮಾನ. ಅಭ್ಯಾಸ ನಮ್ಮೊಳಗೆ ವಾಸವಾಗಿದೆ ಅಂತ ತಿಳಿದು ನಾವು ಎದೆ ಬಗೆಯುತ್ತ ಕೂತಿದ್ದೇವೆ. ಅದು ಆರಾಮಾಗಿ ಬೀದಿ ತಿರುವಿನಲ್ಲಿ ಕಾಲಾಡಿಸುತ್ತ ಕೂತಿದೆ.

ಅನುಮಾನಕ್ಕೆ ಆಧಾರ ಇದೆ. 1971ರಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರು ಗುಂಪುಗುಂಪಾಗಿ ಹೆರಾಯಿನ್‌ಗೆ ಬಿದ್ದಿದ್ದಾರೆ ಅಂತ ಗೊತ್ತಾಗಿ ನಿಕ್ಸನ್ ಸರ್ಕಾರಕ್ಕೆ ನಡುಕ ಬಂತು. ಐವರಲ್ಲಿ ಒಬ್ಬರಂತೆ ಚಟ ಹತ್ತಿಸಿಕೊಂಡಿದ್ದರು. ಇವರೆಲ್ಲ ಊರಿಗೆ ಬಂದರೆ ಗತಿಯೇನು? ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂದಿರುಗಿದವರನ್ನು ಹುಡುಕಿಕೊಂಡು ಹೋಗಿ ವಿಚಾರಿಸಿದರು. ಅಲ್ಲಿ ಚಟಕ್ಕೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಅದಕ್ಕೇ ಅಂಟಿಕೊಂಡವರು ನೂರಕ್ಕೆ ಐದರ ಆಸುಪಾಸು. ಸೂಜಿ, ಪುಡಿ, ಜೊತೆಗಾರ, ಸಾವಿನ ಭಯ, ಹೊತ್ತು ಹೋಗದ ಕ್ಯಾಂಪು ಎಲ್ಲವನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಆ ಲೆಕ್ಕವನ್ನು ಆಗ ಬಹಳ ಜನ ನಂಬಲೇ ಇಲ್ಲ. ನಮ್ಮ ಆಟೋ ಸ್ಟ್ಯಾಂಡಿನ ಅಯ್ಯಪ್ಪಸ್ವಾಮಿಗಳು ನಂಬುತ್ತಿದ್ದರು.

ಇದಕ್ಕಿಂತ ಮಜವಾದದ್ದು ಪಾಪ್‌ಕಾರ್ನಿನ ಕಥೆ. ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ್ದು. ಸಿನಿಮಾ ನೋಡಲು ಬಂದವರಿಗೆ ಪುಕ್ಕಟೆ ಪಾಪ್‌ಕಾರ್ನ್ ಕೊಟ್ಟರು. ಕೆಲವರಿಗೆ ಆಗಷ್ಟೇ ಹುರಿದದ್ದು, ಕೆಲವರಿಗೆ ಒಂದು ವಾರ ಹಳೆಯದು, ಮೆತ್ತಗಾಗಿ ರಟ್ಟಿನ ರುಚಿ ಬಂದದ್ದು. ಸಿನಿಮಾ ಅಂದರೆ ಪಾಪ್‌ಕಾರ್ನ್ ಎಂಬ ಅಭ್ಯಾಸವಿದ್ದವರು ಹಳೆಯದನ್ನೂ ಹೊಸದರಷ್ಟೇ ತಿಂದು ಎದ್ದರು. ಚೆನ್ನಾಗಿಲ್ಲ ಅಂತ ನಾಲಿಗೆ ಹೇಳುತ್ತಲೇ ಇತ್ತು, ಕೈ ಕೇಳಿಸಿಕೊಳ್ಳಲಿಲ್ಲ. ಅಂಥವರನ್ನೇ ಮಾಮೂಲಿ ಕೋಣೆಯಲ್ಲಿ ಕೂರಿಸಿ ಬೇರೇನೋ ವಿಡಿಯೊ ತೋರಿಸಿದಾಗ ಹಳಸಲನ್ನು ಪಕ್ಕಕ್ಕಿಟ್ಟರು. ಕತ್ತಲೆ, ದೊಡ್ಡ ಪರದೆ, ಮೆತ್ತನೆ ಕುರ್ಚಿ ಇದ್ದಲ್ಲಿ ಕೈ ತಾನಾಗಿ ಆಡುತ್ತದೆ. ಚಿತ್ರಮಂದಿರದಲ್ಲೇ ಇನ್ನೊಂದು ಉಪಾಯವೂ ಫಲಿಸಿತು: ಎಡಗೈಲಿ ತಿನ್ನಿ ಅಂದರು. ಅಷ್ಟಕ್ಕೇ ಹಳಸಲು ಹಳಸಲು ಅಂತ ಗೊತ್ತಾಯಿತು.

ಈ ಎಡಗೈ ಚಿಕಿತ್ಸೆ ನಮ್ಮ ದೇಶಕ್ಕೆ ಹೊಂದುವಂಥದ್ದಲ್ಲ. ಎಡಗೈಲಿ ಚಕ್ಕುಲಿ ಎತ್ತಿದರೆ ವೈಜ್ಞಾನಿಕ ಫಲಿತಾಂಶ ಬರುವ ಮೊದಲು ಅಜ್ಜಿಯ ಗುದ್ದು ಬರುತ್ತದೆ.

ಇನ್ನು ಜಿಮ್ಮಿನವರ ವಿಷಯ. ಅವರಿಗೆ ಈ ದಿನದ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು, ಅದಕ್ಕೇ ಅವರು ದಿನಕ್ಕಿಷ್ಟು ಅಂತ ಕೇಳುವುದಿಲ್ಲ, ವರ್ಷಕ್ಕಿಷ್ಟು ಅನ್ನುತ್ತಾರೆ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಮೂರು ಜಿಮ್ಮುಗಳ ಹಾಜರಿ ಪುಸ್ತಕ ತೆಗೆದು 2006ರಲ್ಲಿ ಬಯಲು ಮಾಡಿದ ಸತ್ಯ ಇದು: ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಹೋಗುತ್ತಿದ್ದುದು ತಿಂಗಳಿಗೆ ನಾಲ್ಕು ಚಿಲ್ಲರೆ ಸಲ. ಸಲಕ್ಕೆ 17 ಡಾಲರ್ ಬಿತ್ತು. ಹತ್ತು ಸಲದ ಪಾಸು ತೆಗೆದುಕೊಂಡಿದ್ದರೆ ಸಲಕ್ಕೆ 10 ಡಾಲರಿಗೇ ಮುಗಿಯುತ್ತಿತ್ತು. ದುಡ್ಡು ಕಟ್ಟಿದ ಮೇಲಾದರೂ ಹೋಗುತ್ತೇನೆ ಅಂತ ಅವರು ಕಟ್ಟಿದ್ದು. ಪಾಪ, ದುಡ್ಡು ಮಾತ್ರ ತಿಂಗಳಾಯಿತೆಂದರೆ ತಪ್ಪದೆ ಹೋಗುತ್ತಿತ್ತು. ಅದಕ್ಕೆ ಎಷ್ಟು ಒಳ್ಳೆಯ ಅಭ್ಯಾಸ!

ನಮ್ಮ ಮನೆಯಲ್ಲಿ ಯಾರೂ ಇಂಥ ಪ್ರಬಂಧಗಳನ್ನು ಓದುವುದಿಲ್ಲ. ಸಂಜೆ ಕಾಫಿಯ ಜೊತೆ ನನ್ನ ಕೈ ಚಕ್ಕುಲಿ ಡಬ್ಬಕ್ಕೆ ಹೋಗುವುದನ್ನು ನನ್ನ ಹೆಂಡತಿ ಬಹಳ ದಿನ ನೋಡಿದಳು. “ಎಣಿಸಿ ಎರಡು ತಿನ್ನಿ” ಅಂದಳು. ಎರಡು ಅನ್ನುವುದು ಎಷ್ಟಕ್ಕೆ ಮುಗಿಯುತ್ತದೆ ಅನ್ನುವ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿತ್ತು. ಅವಳು ನನಗೆ ಉಪದೇಶ ಮಾಡಲಿಲ್ಲ, ಇಪ್ಪತ್ತೊಂದು ದಿನದ ಗಡುವೂ ಕೊಡಲಿಲ್ಲ. ಕೆಲಸದವಳ ಮಗನನ್ನು ಕರೆದು ಡಬ್ಬವನ್ನು ಅಟ್ಟಕ್ಕೆ ಹಾಕಿಸಿದಳು, ಹಳೆಯ ಹಾಸಿಗೆ ಸುರುಳಿಯ ಹಿಂದಕ್ಕೆ.

ವೆಂಡಿ ವುಡ್ ಅವರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಕೆಟ್ಟದ್ದಕ್ಕೆ ಸ್ವಲ್ಪ ಅಡ್ಡಿ ಮಾಡು, ಒಳ್ಳೆಯದಕ್ಕೆ ದಾರಿ ಸಲೀಸು ಮಾಡು, ಮನಸ್ಸಿನ ಜೊತೆ ಜಗಳಕ್ಕೆ ನಿಲ್ಲಬೇಡ ಅನ್ನುವುದೇ ಅವರ ವರ್ಷಗಟ್ಟಲೆಯ ಸಂಶೋಧನೆಯ ಸಾರ. ಮೊದಲೆರಡು ಸಂಜೆ ಕೈ ಡಬ್ಬ ಇದ್ದ ಜಾಗಕ್ಕೆ ಹೋಗಿ ಅಲ್ಲಿದ್ದ ಉಪ್ಪಿನ ಜಾಡಿಯನ್ನು ಮುಟ್ಟಿ ವಾಪಸು ಬಂತು. ಆಮೇಲೆ ಅದೂ ನಿಂತಿತು. ಯಾವ ಹೋರಾಟವಿಲ್ಲ, ಸಂಕಲ್ಪವಿಲ್ಲ. “ಇವರು ಚಕ್ಕುಲಿ ಬಿಟ್ಟೇಬಿಟ್ರು ಕಣ್ರೀ, ನಂಬ್ತೀರಾ?” ಅಂತ ಅವಳು ಫೋನಿನಲ್ಲಿ ನಾದಿನಿಗೆ ಹೇಳುವಾಗ ನಾನು ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸಿ ಕೂತೆ. ಮುಖ ಕಾಣಲಿ ಅಂತ.

ಅಟ್ಟಕ್ಕೆ ಹತ್ತಲು ನಮ್ಮಲ್ಲಿ ಏಣಿ ಇಲ್ಲ. ಪಕ್ಕದ ಮನೆಯಿಂದ ತರಬೇಕು. ಅವಳು ದೇವಸ್ಥಾನಕ್ಕೆ ಹೋಗುವ ಶನಿವಾರ ಸಂಜೆ ಒಂದು ಸಲ ತಂದೆ, ಜೇಡರಬಲೆ ತೆಗೆಯಬೇಕು ಅಂತ ಹೇಳಿ. ಮುಂದಿನ ಶನಿವಾರ ಬಲ್ಬು. ಅದರ ಮುಂದಿನ ವಾರ ಏನು ಹೇಳಿದೆನೋ. ಪಕ್ಕದ ಮನೆಯವರು ಬಹಳ ಒಳ್ಳೆಯ ಜನ. ಈಗ ಶನಿವಾರ ಐದೂವರೆಗೆ ದೇವಸ್ಥಾನದ ಗಂಟೆ ಕೇಳಿಸಿತೆಂದರೆ ಅವರು ಏನೂ ಕೇಳುವುದಿಲ್ಲ, ಓದುತ್ತಿರುವ ಪತ್ರಿಕೆಯಿಂದ ಕಣ್ಣೂ ಎತ್ತುವುದಿಲ್ಲ. ಒಂದು ಕೈಯಲ್ಲಿ ಏಣಿ ಎತ್ತಿ ಕಾಂಪೌಂಡಿನ ಈಚೆಗೆ ಇಳಿಬಿಡುತ್ತಾರೆ.